ಅಪ್ಪ ಮನೆಗೆ ಬಂದಿದ್ದಾರೆ

ಎಲ್ಲರಿಗೂ ನಮಸ್ಕಾರ. ಅಪ್ಪನನ್ನು ಮೊನ್ನೆ ಡಿಸ್ಚಾರ್ಜ್ ಮಾಡಿದರು. ಆಪರೇಷನ್ ಯಾಕಾಯಿತು, ಎರಡನೇ ಸಲ ಯಾಕೆ ಒಳಗೆ ಕರೆದುಕೊಂಡು ಹೋದರು ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ, ಮತ್ತೆ ಬರೆಯುವ ತ್ರಾಣ ನನಗಿಲ್ಲ. ಸರ್ಜನ್‌ಗೆ, ಅನಸ್ತೇಷಿಯಾ ಡಾಕ್ಟರಿಗೆ, ರಕ್ತ ಕೊಡಲು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬೈಕಿನಲ್ಲಿ ಬಂದ ಹುಡುಗರಿಗೆ, ತೋಟ-ಕೊಟ್ಟಿಗೆ ನೋಡಿಕೊಂಡ ಚಿಕ್ಕಪ್ಪನಿಗೆ, ದಿನಾ ಗಂಜಿ ಕಳಿಸಿದ ಅತ್ತಿಗೆಗೆ, ರಜೆಗೆ ಕಾರಣ ಕೇಳದ ಆಫೀಸಿನವರಿಗೆ, ನಿಮ್ಮೆಲ್ಲರ ಋಣ ದೊಡ್ಡದು. ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ.

ಇನ್ನು ಬರೆಯುವುದೆಲ್ಲ ರಾತ್ರಿ ಪಾಳಿಯ ಸಿಸ್ಟರ್ ಬಗ್ಗೆ. ಗದಗದ ಕಡೆಯವರು. ಹೆಸರು ಹಾಕಲೇ ಅಂತ ಕೇಳಿದ್ದಕ್ಕೆ "ಬ್ಯಾಡ್ರಿ ಅಕ್ಕಾರ, ಆಮ್ಯಾಲೆ ಎಲ್ಲಾ ಬೆಡ್ಡಿನವ್ರೂ ನನ್ನೇ ಕರೀತಾರ" ಅಂದರು.

ಮೊದಲ ರಾತ್ರಿ ಅವರು ಕೇಳಿದ ಪ್ರಶ್ನೆಗಳು ನನಗೆ ವಿಚಿತ್ರ ಅನ್ನಿಸಿದ್ದವು. ಬಿಪಿ, ಶುಗರ್, ಮಾತ್ರೆ ಎಲ್ಲ ವಿಚಾರಿಸಿಯಾದ ಮೇಲೆ ಶುರುವಾಯಿತು: ಮನೆಯಲ್ಲಿ ಎಷ್ಟು ಹೊತ್ತಿಗೆ ಏಳುತ್ತಾರೆ? ಸ್ನಾನಕ್ಕೆ ಯಾರಾದರೂ ಕೈ ಹಿಡಿಯಬೇಕಾ? ಸಂಜೆ ಹೊತ್ತು ಮಾತು ಜಾಸ್ತಿಯೋ ಕಡಿಮೆಯೋ? ಮರೆವು ಇದೆಯಾ? ಸೊಸೈಟಿ ಸಾಲದ ಲೆಕ್ಕ ಪುಸ್ತಕ ನೋಡದೆ ಹೇಳುವ ಮನುಷ್ಯ, ಎಲ್ಲಿಯ ಮರೆವು ಅಂದೆ. ಅದನ್ನೂ ಬರೆದುಕೊಂಡರು. "ಕಾಯಿಲೆ ಏನಂತ ಫೈಲ್‌ನ್ಯಾಗ ಐತ್ರಿ. ಆರಾಮ ಇದ್ದಾಗ ಹೆಂಗಿರ್ತಾರ ಅನ್ನೋದು ಅದ್ರಾಗ ಇರಂಗಿಲ್ಲ."

ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೇಹ, ಮನಸ್ಸು, ಸಮಾಜ ಮೂರೂ ಕಡೆ ಸಂಪೂರ್ಣ ಚೆನ್ನಾಗಿರುವುದು ಅಂತ ವಿಶ್ವ ಆರೋಗ್ಯ ಸಂಸ್ಥೆ 1948ರಿಂದಲೂ ಹೇಳುತ್ತಿದೆ. ಆ ಲೆಕ್ಕದಲ್ಲಿ ನಮ್ಮೂರಿನ ಒಬ್ಬರೂ ಪಾಸಾಗುವುದಿಲ್ಲ ಬಿಡಿ. ಸಿಸ್ಟರ್ ಹಿಡಿದ ಅಳತೆ ಬೇರೆ: ಈ ಮನುಷ್ಯ ನಿನ್ನೆ ಹೇಗಿದ್ದ, ಇವತ್ತು ಹೇಗಿದ್ದಾನೆ.

ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳಿದರೆ ಅಪ್ಪನ ಉತ್ತರ ಒಂದೇ, "ಪರವಾಗಿಲ್ಲ". ಹೊಟ್ಟೆ ಕೊಯ್ದ ಮಾರನೇ ದಿನವೂ ಪರವಾಗಿಲ್ಲ! ಸಿಸ್ಟರ್ ವಾದಕ್ಕೆ ಇಳಿಯಲಿಲ್ಲ. "ಅಜ್ಜಾರ, ಒಂದ್ಸಲ ಕೆಮ್ಮಿ ತೋರಸ್ರಿ" ಅಂದರು. ಅಪ್ಪ ಅರ್ಧ ಕೆಮ್ಮಿ, ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸಿಸ್ಟರ್ ನೋಡಿದ್ದು ಆ ಕೈಯನ್ನು. ನೋವಿಗೆ ಕೆಮ್ಮು ನುಂಗಿದರೆ ಕಫ ಎದೆಯಲ್ಲೇ ನಿಲ್ಲುತ್ತದೆ ಅಂತ ವಿವರಿಸಿ, ಇಂಜೆಕ್ಷನ್‌ಗೆ ಡಾಕ್ಟರನ್ನು ಕೇಳಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗ ಹಿಮ್ಮಡಿ, ಬೆನ್ನಿನ ಬುಡದ ಕೆಂಪನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಒತ್ತಿದಾಗ ಬಿಳಿಚಿಕೊಂಡರೆ ಸದ್ಯಕ್ಕೆ ಚಿಂತೆಯಿಲ್ಲ, ಕೆಂಪು ಹಾಗೇ ನಿಂತರೆ ಹಾಸಿಗೆ ಹುಣ್ಣಿನ ಶುರುವಂತೆ.

ಮತ್ತೆ ಆ ರಾತ್ರಿ, ಅಪ್ಪನನ್ನು ಎರಡನೇ ಸಲ ಒಳಗೆ ಕರೆದೊಯ್ದ ರಾತ್ರಿ. ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಕ್ಲಿಪ್ಪು 96 ತೋರಿಸುತ್ತಿತ್ತು, ಜ್ವರ ಇರಲಿಲ್ಲ. ಅಪ್ಪ ನನ್ನನ್ನು ಸೋದರತ್ತೆಯ ಹೆಸರು ಹಿಡಿದು ಕರೆದು, ದನ ಕಟ್ಟಿದ್ಯಾ ಅಂತ ಕೇಳಿದರು. ನಿದ್ದೆಗಣ್ಣು ಅಂದುಕೊಂಡೆ. ಸಿಸ್ಟರ್ ಬಂದು ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದು ನಿಂತರು. ಕಣ್ಣು ಮಾತ್ರ ಅಪ್ಪನ ಎದೆಯ ಮೇಲೆ. ಉಸಿರು ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ಯಾರೂ ಸಹಜವಾಗಿ ಉಸಿರಾಡುವುದಿಲ್ಲ, ಅದಕ್ಕೇ ಈ ಉಪಾಯ. ಪೂರಾ ಒಂದು ನಿಮಿಷ. ದೊಡ್ಡವರಿಗೆ 12ರಿಂದ 20 ಇರಬೇಕಾದದ್ದು 28 ಇತ್ತು. ಬಗ್ಗಿ ಮೂತ್ರದ ಚೀಲದಲ್ಲಿ ಎಷ್ಟಿದೆ ಅಂತ ನೋಡಿದರು, ತಣ್ಣಗಾಗಿದೆಯಾ ಅಂತ ಪಾದ ಮುಟ್ಟಿದರು. "ಅಕ್ಕಾರ, ಲೆಕ್ಕ ಬಾಯಾಗ ಹೇಳ್ತಾರ ಅಂದಿದ್ರಲ್ರಿ. ಇದು ಹೊಸಾದು."

ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ಬೆಡ್ ನಂಬರ್, ಆಪರೇಷನ್, ಉಸಿರು, ಮೂತ್ರ, ಗೊಂದಲ ಎಲ್ಲ ಅರ್ಧ ನಿಮಿಷದಲ್ಲಿ ಹೇಳಿದರು. ಆ ಕಡೆಯಿಂದ ಏನಂದರೋ, "ಇಲ್ರಿ ಸರ್, ಮುಂಜಾನಿತನಕ ಆಗಂಗಿಲ್ಲ, ಈಗ ಬಂದು ನೋಡ್ಬೇಕು" ಅಂದರು. ವಯಸ್ಸಾದವರಿಗೆ ಸೋಂಕು ಏರಿದರೂ ಮೈ ಬಿಸಿಯಾಗದೇ ಇರಬಹುದು ಅನ್ನುವುದು ನನಗೆ ತಿಳಿದದ್ದು ಆಮೇಲೆ.

ಅಪ್ಪನನ್ನು ಒಳಗೆ ಕರೆದೊಯ್ದಾಗ ನಾನು ಕಾರಿಡಾರಿನಲ್ಲಿ ನಿಂತು, ಊರಿಗೆ ಫೋನ್ ಮಾಡಿ ಅಮ್ಮನಿಗೆ ಯಾವ ಮಾತಿನಲ್ಲಿ ಹೇಳಲಿ ಅಂತ ವಾಕ್ಯ ಜೋಡಿಸುತ್ತಿದ್ದೆ. ಅಪ್ಪ ಬದುಕಿದ್ದಾಗಲೇ. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ. ಸಿಸ್ಟರ್ ಸಮಾಧಾನ ಹೇಳಲಿಲ್ಲ, ಹೇಳಿದ್ದರೆ ನಂಬುತ್ತಿರಲಿಲ್ಲ. ಊಟ ಮಾಡಿದ್ರೇನ್ರಿ ಅಂತ ಕೇಳಿ, ತಮ್ಮ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ನನ್ನ ಕೈಗಿಟ್ಟು ಇನ್ನೊಂದು ಬೆಡ್ಡಿಗೆ ಹೋದರು. ಅಳುತ್ತಾ ಪೂರ್ತಿ ತಿಂದೆ.

ಸಿಸ್ಟರ್, ನೀವು ಇದನ್ನು ಓದುತ್ತೀರೆಂದು ಗೊತ್ತು. ಅಪ್ಪ ಈಗ ತಾವೇ ಎದ್ದು ಅಂಗಳಕ್ಕೆ ಹೋಗುತ್ತಾರೆ. ನೋವು ಎಷ್ಟು ಅಂದರೆ ಇನ್ನೂ "ಪರವಾಗಿಲ್ಲ", ಹಾಗಾಗಿ ನಾನೂ ಕೈ ನೋಡುತ್ತೇನೆ. ನಿನ್ನೆ ಸೊಸೈಟಿಯವರ ಬಡ್ಡಿ ಲೆಕ್ಕದಲ್ಲಿ ತಪ್ಪು ಹುಡುಕಿ ಸಿಟ್ಟಾದರು. ನಿಮ್ಮ ಪಟ್ಟಿಯಲ್ಲಿ ಸಿಟ್ಟಿನ ಪ್ರಶ್ನೆ ಇರಲಿಲ್ಲ, ಸೇರಿಸಿಕೊಳ್ಳಿ.

ನೋಡಲು ಬರುವವರು ಸಂಜೆ 4ರ ಮೇಲೆ ಬನ್ನಿ. ಎಲೆಅಡಿಕೆ ತರಬೇಡಿ, ಅವರಾಗೇ ಕೇಳಿದರೂ ಕೊಡಬೇಡಿ. ಖಂಡಿತ ಕೇಳುತ್ತಾರೆ.