ಇಟಲಿಯ ಸಿಹಿಗಳ ಪಾಕವಿಧಾನಕ್ಕೆ ತೂಕವೂ ಬೇಕು, ಕಾರಣವೂ ಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾಗುತ್ತಿರುವ ಇಟಲಿಯ ಸಿಹಿ ತಿನಿಸುಗಳ ಪಾಕವಿಧಾನಗಳನ್ನು ತಪ್ಪದೆ ಓದುತ್ತಿದ್ದೇನೆ. ತಿರಾಮಿಸು, ಪನ್ನಾ ಕೋಟಾ, ಕಾಂತುಚ್ಚಿ ಬಿಸ್ಕತ್ತುಗಳನ್ನು ಮನೆಯಲ್ಲೇ ಮಾಡಬಯಸುವವರಿಗೆ ಅವು ಕನ್ನಡದಲ್ಲಿ ಸಿಗುತ್ತಿರುವುದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಸಾಮಗ್ರಿಗಳನ್ನು ಕಪ್ ಮತ್ತು ಚಮಚದ ಲೆಕ್ಕದಲ್ಲಿ ಹೇಳಿ, ಇಷ್ಟು ಹೊತ್ತು ಕಲಸಿ, ಇಷ್ಟು ಹೊತ್ತು ಬೇಯಿಸಿ ಎಂದಷ್ಟೇ ಬರೆದು ಮುಗಿಸುವ ರೂಢಿಯ ಬಗ್ಗೆ ನನ್ನ ಆಕ್ಷೇಪವಿದೆ. ಇವು ನಾಲ್ಕೈದು ಸಾಮಗ್ರಿಗಳಲ್ಲಿ ಮುಗಿಯುವ ತಿನಿಸುಗಳು. ಒಂದರ ಹದ ಕೆಟ್ಟರೆ ಅದನ್ನು ಮರೆಮಾಚಲು ಮಸಾಲೆಯಾಗಲಿ ಅಲಂಕಾರವಾಗಲಿ ಇರುವುದಿಲ್ಲ. ಆದ್ದರಿಂದ ಪ್ರತಿ ಹಂತದ ಹಿಂದಿನ ಕಾರಣವನ್ನು ಓದುಗರಿಗೆ ತಿಳಿಸುವುದು ಅಗತ್ಯ.

ತಿರಾಮಿಸುವನ್ನೇ ತೆಗೆದುಕೊಳ್ಳಿ. ಇದು ಬಹು ಪ್ರಾಚೀನವಾದ ತಿನಿಸೇನೂ ಅಲ್ಲ. ವೆನೆಟೊ ಪ್ರಾಂತ್ಯದ ಟ್ರೆವಿಸೊ ಊರಿನ 'ಲೆ ಬೆಕ್ಕೆರಿಯೆ' ಎಂಬ ಹೋಟೆಲಿನಲ್ಲಿ 1970ರ ದಶಕದ ಆರಂಭದಲ್ಲಿ ಅದು ಬಡಿಸಲ್ಪಟ್ಟಿತು ಎಂಬುದು ಹೆಚ್ಚು ಪ್ರಚಲಿತವಾದ ಮಾತು. ನೆರೆಯ ಫ್ರಿಯುಲಿ ವೆನೆಜಿಯಾ ಜೂಲಿಯಾ ಪ್ರಾಂತ್ಯದವರು ಇದನ್ನು ಒಪ್ಪುವುದಿಲ್ಲ. 2017ರಲ್ಲಿ ಇಟಲಿಯ ಸಾಂಪ್ರದಾಯಿಕ ಆಹಾರಗಳ ಅಧಿಕೃತ ಪಟ್ಟಿಯಲ್ಲಿ ತಿರಾಮಿಸು ಆ ಪ್ರಾಂತ್ಯದ ಹೆಸರಿನಲ್ಲೇ ಸೇರಿತು. ಜಗಳ ಅವರಿಗಿರಲಿ, ಟ್ರೆವಿಸೊದ ಕ್ರಮದಲ್ಲಿ ಇರುವುದು ಮೊಟ್ಟೆಯ ಹಳದಿ, ಸಕ್ಕರೆ, ಮಸ್ಕರ್ಪೋನೆ (ಕ್ರೀಮಿನಿಂದ ಮಾಡುವ ಮೆತ್ತನೆಯ ಚೀಸ್), ಕಾಫಿ, ಸವೊಯಾರ್ದಿ ಬಿಸ್ಕತ್ತು ಮತ್ತು ಮೇಲೆ ಉದುರಿಸುವ ಕೋಕೊ ಪುಡಿ ಮಾತ್ರ. ಪುರವಣಿಯಲ್ಲಿ ಬಂದ ಪಾಕವಿಧಾನದಲ್ಲಿ ಮಸ್ಕರ್ಪೋನೆಯ ಜಾಗದಲ್ಲಿ ಕ್ರೀಮ್ ಚೀಸ್, ಹಳದಿಯ ಜಾಗದಲ್ಲಿ ನೊರೆ ಬರಿಸಿದ ಕ್ರೀಮ್ ಇತ್ತು. ಬದಲಿ ಬಳಸುವುದು ತಪ್ಪಲ್ಲ. ಆದರೆ ಕ್ರೀಮ್ ಚೀಸಿನಲ್ಲಿ ಉಪ್ಪೂ ಹುಳಿಯೂ ಇರುತ್ತವೆ, ಮಸ್ಕರ್ಪೋನೆಯಲ್ಲಿ ಅವೆರಡೂ ಎದ್ದು ಕಾಣುವುದಿಲ್ಲ ಎಂಬುದನ್ನು ಹೇಳದೆ ಎರಡನ್ನೂ ಒಂದೇ ಎಂಬಂತೆ ಬರೆದರೆ, ಮಾಡಿ ತಿಂದವರು ತಿರಾಮಿಸುವಿನ ರುಚಿಯೇ ಹೀಗೆಂದು ಭಾವಿಸುತ್ತಾರೆ.

ಮಸ್ಕರ್ಪೋನೆ ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಅದು ಕಷ್ಟವೂ ಅಲ್ಲ. ಶೇ 35ರಷ್ಟು ಕೊಬ್ಬಿರುವ ಒಂದು ಲೀಟರ್ ಕ್ರೀಮನ್ನು ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ 85 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿ, ಎರಡು ದೊಡ್ಡ ಚಮಚ ನಿಂಬೆರಸ ಬೆರೆಸಿ, ಕೆಲವು ನಿಮಿಷ ಅದೇ ಶಾಖದಲ್ಲಿ ಇಡಬೇಕು. ಇಲ್ಲಿಯೇ ಹೊಸಬರು ಗಾಬರಿಯಾಗುವುದು. ಹಾಲು ಒಡೆದಾಗ ಕಾಣುವಂತೆ ಗಡ್ಡೆಯೂ ತಿಳಿನೀರೂ ಬೇರೆಯಾಗುವುದಿಲ್ಲ. ಕ್ರೀಮ್ ತುಸು ಮಂದವಾಗಿ ಚಮಚದ ಬೆನ್ನಿಗೆ ಅಂಟಿ ನಿಲ್ಲುತ್ತದೆ, ಅಷ್ಟೇ. ಏನೂ ಆಗಲಿಲ್ಲವೆಂದು ಮತ್ತಷ್ಟು ನಿಂಬೆರಸ ಸುರಿದರೆ ಹುಳಿಯಾಗುತ್ತದೆ. ಆರಿದ ಮೇಲೆ ತೆಳುಬಟ್ಟೆಯಲ್ಲಿ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಸೋರಲು ಬಿಟ್ಟರೆ ಬೆಳಗ್ಗೆ ಗಟ್ಟಿಯಾದ, ನುಣುಪಾದ ಮಸ್ಕರ್ಪೋನೆ ಸಿದ್ಧವಾಗಿರುತ್ತದೆ. ಅದನ್ನು ಜೋರಾಗಿ ಕಡೆಯಬಾರದು. ಕೊಬ್ಬು ಬೇರ್ಪಟ್ಟು ತರಿತರಿಯಾಗುತ್ತದೆ.

ಮೂಲ ಕ್ರಮದಂತೆ ಹಳದಿಯನ್ನೇ ಬಳಸಬಯಸುವವರಿಗೆ ಹಸಿ ಮೊಟ್ಟೆಯ ಬಗ್ಗೆ ಪುರವಣಿಯಲ್ಲಿ ಒಂದು ಎಚ್ಚರಿಕೆಯೂ ಇರಲಿಲ್ಲ. ಹಳದಿ ಮತ್ತು ಸಕ್ಕರೆಯಿರುವ ಬಟ್ಟಲನ್ನು ಕುದಿನೀರಿನ ಪಾತ್ರೆಯ ಮೇಲಿಟ್ಟು, ಬಿಡದೆ ಕಡೆಯುತ್ತಾ 70 ಡಿಗ್ರಿ ದಾಟಿಸಿ, ನಂತರ ತಣಿಸಿ ಬಳಸುವಂತೆ ಬರೆಯಬಹುದಿತ್ತು. ಮಕ್ಕಳು, ವೃದ್ಧರು, ಗರ್ಭಿಣಿಯರು ತಿನ್ನುವ ಪದಾರ್ಥಕ್ಕೆ ಈ ಸಾಲು ಬೇಕೇ ಬೇಕು.

ಇದೇ ಕೊರತೆ ಪನ್ನಾ ಕೋಟಾದಲ್ಲಿ ಇನ್ನೂ ಸ್ಪಷ್ಟವಾಗಿ ಕಂಡಿತು. ಪಿಯೆಮೊಂಟೆ ಪ್ರಾಂತ್ಯದ ಈ ಸಿಹಿತಿನಿಸು ಕ್ರೀಮ್, ಸಕ್ಕರೆ ಮತ್ತು ಅದನ್ನು ಗಟ್ಟಿಯಾಗಿ ಕಟ್ಟಿಸುವ ಜೆಲಟಿನ್‌ನಿಂದ ಆಗುತ್ತದೆ. ಜೆಲಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ಬರುವುದರಿಂದ ಸಸ್ಯಾಹಾರಿಗಳು ಕಡಲಕಳೆಯಿಂದ ಬರುವ ಅಗರ್ ಬಳಸಿ ಎಂದು ಬರೆದದ್ದು ಸರಿಯೇ. ಆದರೆ 'ಅಷ್ಟೇ ಪ್ರಮಾಣದಲ್ಲಿ' ಎಂದು ಸೇರಿಸಿದ್ದು ಸರಿಯಲ್ಲ. 500 ಮಿಲಿಲೀಟರ್ ಕ್ರೀಮಿಗೆ ಸುಮಾರು 6 ಗ್ರಾಂ ಜೆಲಟಿನ್ ಬೇಕಾದರೆ, ಅಗರ್ ಪುಡಿ 2 ಗ್ರಾಂ ಸಾಕು. 6 ಗ್ರಾಂ ಹಾಕಿದರೆ ಚಾಕುವಿನಿಂದ ಕತ್ತರಿಸಬೇಕಾದೀತು. ವಿಧಾನವೂ ಬೇರೆ. ಜೆಲಟಿನ್ನನ್ನು ತಣ್ಣೀರಿನಲ್ಲಿ ನೆನೆಸಿ, ಒಲೆಯಿಂದ ಇಳಿಸಿದ ಬಿಸಿ ಕ್ರೀಮಿನಲ್ಲಿ ಕರಗಿಸಬೇಕು. ಕುದಿಸಿದರೆ ಅದರ ಕಟ್ಟುವ ಶಕ್ತಿ ಕುಗ್ಗುತ್ತದೆ. ಅಗರ್ ಪುಡಿಯಾದರೋ ಒಂದೆರಡು ನಿಮಿಷ ಕುದಿಯದೆ ಪೂರ್ತಿ ಕರಗುವುದೇ ಇಲ್ಲ. ಮುಖ್ಯವಾಗಿ, ಜೆಲಟಿನ್ ಕಟ್ಟಿದ ಕ್ರೀಮ್ ಸುಮಾರು 35 ಡಿಗ್ರಿಯಲ್ಲಿ, ಅಂದರೆ ಬಾಯಿಯ ಶಾಖಕ್ಕೇ ಕರಗಿಬಿಡುತ್ತದೆ. ಅಗರ್ ಮತ್ತೆ ಕರಗಲು 85 ಡಿಗ್ರಿಯಷ್ಟು ಶಾಖ ಬೇಕು. ಹೀಗಾಗಿ ಅಗರ್ ಹಾಕಿದ ಪನ್ನಾ ಕೋಟಾ ನಾಲಿಗೆಯ ಮೇಲೆ ನೀರಾಗುವುದಿಲ್ಲ, ಮುರಿದು ಚೂರಾಗುತ್ತದೆ. ಅದೂ ತಿನ್ನಲು ಚೆನ್ನಾಗಿಯೇ ಇರುತ್ತದೆ, ಆದರೆ ಬೇರೆಯೇ ಅನುಭವ. ಇದನ್ನು ಮೊದಲೇ ತಿಳಿದವರು ತಮ್ಮ ಕೈಗುಣವನ್ನು ದೂರಿಕೊಳ್ಳುವುದಿಲ್ಲ.

ಕಪ್ಪಿನ ಲೆಕ್ಕದ ಬಗ್ಗೆ ಒಂದು ಮಾತು. ಮೈದಾವನ್ನು ಚಮಚದಿಂದ ಹಗುರಾಗಿ ತುಂಬಿದರೆ ಒಂದು ಕಪ್ ಸುಮಾರು 120 ಗ್ರಾಂ ತೂಗುತ್ತದೆ. ಡಬ್ಬಿಯೊಳಗೆ ಕಪ್ ಅದ್ದಿ ಒತ್ತಿ ತೆಗೆದರೆ 150 ಗ್ರಾಂ ಆದರೂ ಆಶ್ಚರ್ಯವಿಲ್ಲ. ಟಸ್ಕನಿಯ ಪ್ರಾತೊ ಊರಿನ ಹಳೆಯ ಕ್ರಮದ ಕಾಂತುಚ್ಚಿಯಲ್ಲಿ ಬೆಣ್ಣೆಯಾಗಲಿ ಎಣ್ಣೆಯಾಗಲಿ ಇರುವುದಿಲ್ಲ; ಮೈದಾ, ಸಕ್ಕರೆ, ಮೊಟ್ಟೆ, ಸಿಪ್ಪೆ ತೆಗೆಯದ ಬಾದಾಮಿ, ಇಷ್ಟೇ. ಅಲ್ಲಿ ಹಿಟ್ಟು 30 ಗ್ರಾಂ ಹೆಚ್ಚಾದರೆ ಕಣಕ ಒಣಗಿ ಬಿರಿಯುತ್ತದೆ. ಒಮ್ಮೆ ಬೇಯಿಸಿದ ಉದ್ದನೆಯ ಉಂಡೆಯನ್ನು ಯಾವಾಗ ಕತ್ತರಿಸಬೇಕೆಂಬುದನ್ನೂ ಬರೆಯಲೇಬೇಕು: ಹಬೆಯಾಡುವಾಗ ಕತ್ತರಿಸಿದರೆ ಹರಿಯುತ್ತದೆ, ಪೂರ್ತಿ ಆರಿದ ಮೇಲಾದರೆ ಬಾದಾಮಿ ಇರುವಲ್ಲೆಲ್ಲ ಪುಡಿಯಾಗುತ್ತದೆ. ಕೈಗೆ ತಾಳುವಷ್ಟು ಬಿಸಿ ಇರುವಾಗ, ಹಲ್ಲುಳ್ಳ ಚಾಕುವಿನಿಂದ ಓರೆಯಾಗಿ ಕೊಯ್ದು ಮತ್ತೆ ಓವನ್ನಿಗೆ ಇಡಬೇಕು. ಸಿಸಿಲಿಯ ಕನ್ನೋಲಿಗೂ ಇಂಥದೇ ಒಂದು ಸಾಲು ಸಾಕಿತ್ತು: ರಿಕೋಟಾ ಎಂಬ ಮೆತ್ತನೆಯ ಚೀಸಿನ ಹೂರಣವನ್ನು ತಿನ್ನುವ ಹೊತ್ತಿಗೇ ತುಂಬಬೇಕು, ಇಲ್ಲವಾದರೆ ಕರಿದ ಕೊಳವೆ ಮೆತ್ತಗಾಗುತ್ತದೆ.

ಪುರವಣಿಯಲ್ಲಿ ಜಾಗ ಕಡಿಮೆ ಎಂಬುದು ನನಗೆ ಗೊತ್ತು. ಒಂದು ದೊಡ್ಡ ಚಿತ್ರವನ್ನು ತುಸು ಚಿಕ್ಕದು ಮಾಡಿದರೆ ಗ್ರಾಂ ಲೆಕ್ಕದ ತೂಕ, ಓವನ್ನಿನ ಶಾಖ, ಬದಲಿ ಸಾಮಗ್ರಿಯಿಂದ ಆಗುವ ವ್ಯತ್ಯಾಸ ಇವೆಲ್ಲ ಅಲ್ಲಿಯೇ ಹಿಡಿಸುತ್ತವೆ. ಮುಂದೆ ಮಿಲಾನಿನ ಪನೆಟೋನೆ ಎಂಬ ಉಬ್ಬಿದ ಸಿಹಿ ಬ್ರೆಡ್ಡನ್ನು ಪ್ರಕಟಿಸುವ ಯೋಚನೆಯಿದ್ದರೆ, ದಯವಿಟ್ಟು ಒಂದು ಗಂಟೆಯಲ್ಲಿ ಮುಗಿಸುವ ವಿಧಾನವನ್ನು ಆ ಹೆಸರಿನಲ್ಲಿ ಕೊಡಬೇಡಿ. ಆ ಹೆಸರಿನಲ್ಲಿ ಮಾರುವುದಕ್ಕೆ ಇಟಲಿ ಸರ್ಕಾರ 2005ರಲ್ಲಿ ಹೊರಡಿಸಿದ ಆದೇಶದ ಪ್ರಕಾರ ಕನಿಷ್ಠ ಶೇ 16ರಷ್ಟು ಬೆಣ್ಣೆಯ ಕೊಬ್ಬು, ಶೇ 20ರಷ್ಟು ಒಣದ್ರಾಕ್ಷಿ ಮತ್ತು ಸಕ್ಕರೆ ಪಾಕದ ಕಿತ್ತಳೆ ಜಾತಿಯ ಸಿಪ್ಪೆ ಇರಬೇಕು, ಹುಳಿ ಹಿಟ್ಟಿನಿಂದ ಉಬ್ಬಿಸಬೇಕು. ಅಷ್ಟು ಬೆಣ್ಣೆಯ ಭಾರ ಹೊತ್ತ ಹಿಟ್ಟು ನಿಧಾನವಾಗಿಯೇ ಉಬ್ಬುತ್ತದೆ. ಬೆಂದ ಮೇಲೂ ಕುಸಿಯದಂತೆ ತಲೆಕೆಳಗಾಗಿ ತೂಗುಹಾಕಿ ಆರಿಸಬೇಕಾಗುತ್ತದೆ. ಇಷ್ಟನ್ನೆಲ್ಲ ಬರೆಯಲು ಒಂದು ವಾರದ ಅಂಕಣ ಸಾಲದಿದ್ದರೆ ಎರಡು ಕಂತುಗಳಲ್ಲಿ ಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪುರವಣಿಯ ನಿತ್ಯ ಓದುಗರೊಬ್ಬರು