ಮಗಳಿಗೊಂದು ಪತ್ರ: ಗೌರಿ ಹಬ್ಬಕ್ಕೆ ಬರಬೇಡ ಪುಟ್ಟಿ

ಪುಟ್ಟೀ,

ವಾರಕ್ಕೆ ಹತ್ತೇ ನಿಮಿಷ ಸಿಗೋ ಫೋನು. ಅದರಲ್ಲೂ ನಾಲ್ಕು ನಿಮಿಷ ಬಾಕಿ ಇರುವಾಗಲೇ "ನೀನು ನನ್ನನ್ನ ಮನೆಯಿಂದ ಆಚೆ ಹಾಕ್ತಿದ್ದೀಯ" ಅಂತ ಇಟ್ಟುಬಿಟ್ಟೆ. ಗೌರಿಯೇ ತವರಿಗೆ ಬರೋ ಹಬ್ಬದಲ್ಲಿ ಹೆತ್ತ ಮಗಳಿಗೆ ಬರಬೇಡ ಅನ್ನೋದು ಯಾವ ತಾಯಿಗೂ ಬೇಡ. ಆದರೂ ಅದನ್ನೇ ಮತ್ತೆ ಬರೀತಿದ್ದೀನಿ. ಚಟ ಬಿಡಿಸೋ ಕೇಂದ್ರದಲ್ಲಿ ಮೂವತ್ತು ದಿನ ಮುಗೀತು ನಿಜ, ಇನ್ನೂ ತೊಂಬತ್ತು ದಿನ ಅಲ್ಲೇ ಇರು. ಮುಂದುವರಿಸೋ ಒಪ್ಪಿಗೆಗೆ ನೀನೇ ಸಹಿ ಹಾಕಬೇಕಂತೆ, ನಾನು ಹಾಕೋ ಹಾಗಿಲ್ಲ. ಅದಕ್ಕೇ ಈ ಕಾಗದ.

ಸ್ಕೂಟರಿಂದ ಬಿದ್ದದ್ದು, ಬೆನ್ನುನೋವಿಗೆ ಬರೆದುಕೊಟ್ಟ ಟಪೆಂಟಡಾಲ್ ಅನ್ನೋ ಅಫೀಮಿನ ಜಾತಿಯ ಮಾತ್ರೆ ನೋವು ಹೋದ ಮೇಲೂ ನಿಲ್ಲದ್ದು, ಎಲ್ಲ ಇಬ್ಬರಿಗೂ ಗೊತ್ತು, ಬಿಡು. ನಾನು ಹೇಳಬೇಕಾದ್ದು ಬಚ್ಚಲುಮನೆ ಚಿಲಕದ ವಿಷಯ.

ಹೋದ ವರ್ಷವೂ ಹೀಗೇ ತಿಂಗಳು ಮುಗಿದಿತ್ತು. ನಿನ್ನ ಅತ್ತೆ ಮನೆ ಗೃಹಪ್ರವೇಶಕ್ಕೆ ನೀನಿಲ್ಲದಿದ್ದರೆ ಜನ ಏನಂದುಕೊಳ್ತಾರೋ ಅಂತ ನಾನೇ ಹಠ ಹಿಡಿದು ಕರ್ಕೊಂಡು ಬಂದೆ. ಬಂದು ಹತ್ತೊಂಬತ್ತನೇ ದಿನ, ಬೆಳಗ್ಗೆ ಏಳು ಗಂಟೆ. ಬಕೆಟ್ ತುಂಬಿ ನೀರು ಚೆಲ್ಲೋ ಸದ್ದು. ನಾನು ಕಾವಲಿ ಮುಂದೆ ನಿಂತು "ನಲ್ಲಿ ನಿಲ್ಲಿಸೇ" ಅಂತ ಎರಡು ಸಲ ಕೂಗಿದೆ. ಎರಡು ದೋಸೆ ಹುಯ್ದೆ ಪುಟ್ಟಿ. ಎರಡನೇದನ್ನು ಮಗುಚಿಯೂ ಹಾಕಿದೆ. ಅಷ್ಟು ಹೊತ್ತೂ ಆ ಬಾಗಿಲ ಹಿಂದೆ ನಿನ್ನ ಉಸಿರು ಕಮ್ಮಿಯಾಗ್ತಾ ಇತ್ತು. ನಿಮ್ಮಪ್ಪ ಹಾರೆ ತಂದು ಮೀಟಿದರು. ನೇರಳೆ ಹಣ್ಣು ತಿಂದ ಹಾಗಿತ್ತು ನಿನ್ನ ತುಟಿ. ಆಸ್ಪತ್ರೇಲಿ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರೆ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಆ ಮಾತ್ರೆಯ ಅಮಲು ಇಳಿಸೋ ನಲಾಕ್ಸೋನ್ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಕೆಮ್ಮಿ ಕಣ್ಣು ಬಿಟ್ಟೆ, ಬಿಟ್ಟವಳೇ ನನ್ನ ಮೇಲೆ ರೇಗಿದೆ. ನೀನು ರೇಗಿದ್ದು ಕೇಳಿ ನನಗೆ ಹೋದ ಜೀವ ಬಂತು.

ಅವತ್ತು ನೀನು ನುಂಗಿದ್ದು ಹೆಚ್ಚೇನಲ್ಲ, ಮೊದಲು ದಿನಾ ನುಂಗ್ತಿದ್ದಷ್ಟೇ. ತಿಂಗಳು ಬಿಟ್ಟಿದ್ದ ಮೈಗೆ ಆ ಹಳೇ ಲೆಕ್ಕ ತಡೆಯೋ ಶಕ್ತಿ ಹೋಗಿತ್ತಂತೆ. ಬಿಟ್ಟ ಹೊಸದರಲ್ಲಿ ಮತ್ತೆ ಮುಟ್ಟಿದರೇ ಹೆಚ್ಚು ಅಪಾಯ ಅಂದರು ಡಾಕ್ಟರು.

ಇನ್ನೊಂದು ಮಾತು ನಿನಗೆ ಹೇಳಿರಲಿಲ್ಲ. ನಾಲಿಗೆ ಕೆಳಗಿಟ್ಟು ಕರಗಿಸೋ ಬ್ಯುಪ್ರೆನಾರ್ಫಿನ್ ಕೊಡ್ತಿದ್ದರಲ್ಲ, ಅದನ್ನು ನಿಲ್ಲಿಸಿ ಅಂತ ಕಾಡಿದ್ದು ನಾನೇ. ಒಂದು ಮಾತ್ರೆ ಬಿಡಿಸೋಕೆ ಇನ್ನೊಂದು ಮಾತ್ರೆಯಾ ಅಂತ ಜಗಳ ಆಡಿದೆ. ಹನ್ನೊಂದು ವರ್ಷದಿಂದ ಬಿಪಿ ಮಾತ್ರೆ ನುಂಗೋ ನಾನು. ಅದು ಚಟ ತಡೆಹಿಡಿಯೋ ಔಷಧಿ, ವರ್ಷಗಟ್ಟಲೆ ತಗೊಂಡರೂ ತಪ್ಪಿಲ್ಲ ಅಂತ ಈಗ ತಿಳ್ಕೊಂಡಿದ್ದೀನಿ. ಆಗ ಕೇಳಿಸ್ಕೊಳ್ಳಲಿಲ್ಲ. ತಪ್ಪು ನಂದು. ಈ ಸಲ ನೀನಾಗಲಿ ನಾನಾಗಲಿ ಡಾಕ್ಟರನ್ನು ಕೇಳದೆ ಅದನ್ನು ಬಿಡೋ ಹಾಗಿಲ್ಲ.

ತೊಂಬತ್ತು ದಿನ ಯಾಕೆ ಅಂದೆ. ಮೂರು ತಿಂಗಳಿಗಿಂತ ಕಮ್ಮಿ ಇದ್ದರೆ ಹೆಚ್ಚು ಪ್ರಯೋಜನ ಕಾಣಲ್ಲ ಅಂತ ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆಯವರೂ ಹೇಳ್ತಾರೆ ಅಂತ ಕೌನ್ಸೆಲರ್ ವಿವರಿಸಿದರು. ಬೆವರು, ಮೈಕೈ ನೋವು, ಭೇದಿ ಇವೆಲ್ಲ ಮೊದಲ ಒಂದೆರಡು ವಾರದ್ದು. ನಿದ್ದೆ ಹತ್ತದಿರೋದು, ಏನೂ ರುಚಿಸದಿರೋದು ತಿಂಗಳುಗಟ್ಟಲೆ ಇರುತ್ತೆ. ಅಷ್ಟು ದಿನ ಅಡುಗೆ ಸರದಿ, ಗುಂಪಿನ ಮಾತುಕತೆ, ಆಮೇಲೆ ಹಗಲು ಕೆಲಸಕ್ಕೆ ಹೋಗಿ ಸಂಜೆ ಅಲ್ಲಿಗೇ ವಾಪಸ್, ಮೂತ್ರ ಪರೀಕ್ಷೆ. ಪರೀಕ್ಷೆಗೆ ಅವಮಾನ ಅಂದುಕೋಬೇಡ. ಸಂಬಳ ಬಂದ ದಿನ ಒಬ್ಬಳೇ ಇರಬೇಡ. ಆ ಮೆಡಿಕಲ್ ಶಾಪಿನವನ ನಂಬರ್ ಅಳಿಸು. ಹಸಿದುಕೊಂಡು ಮಲಗಬೇಡ. ಶುರು ಹಚ್ಚಿದೆ ನೋಡು, ಪಾಠ. ಇದೊಂದು ಹೇಳಿ ನಿಲ್ಲಿಸ್ತೀನಿ: ನಾನೊಬ್ಬಳೇ ಇಂಥವಳು ಅಂತ ಅಳಬೇಡ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೇಲಿ ಅಫೀಮಿನ ಜಾತಿಯ ವಸ್ತು ಬಳಸೋರು ದೇಶದಲ್ಲಿ ಸುಮಾರು 2.26 ಕೋಟಿ. ನಿನ್ನ ಹಾಗೆ ಔಷಧಿ ಅಂಗಡಿ ಮಾತ್ರೆಗೆ ಸಿಕ್ಕಿಕೊಂಡೋರೂ ಅದರಲ್ಲಿದ್ದಾರೆ.

ಹೊಸದಾಗಿ ಸೇರಿದ ಹುಡುಗಿ ರಾತ್ರಿಯೆಲ್ಲ ನಡುಗ್ತಾ ಇದ್ದಾಗ ನೀನು ಬೆಳಗಿನವರೆಗೂ ಅವಳ ಕಾಲು ಒತ್ತಿದೆಯಂತೆ. ಕೌನ್ಸೆಲರ್ ಹೇಳಿದರು. ನೀನು ಎಂಜಿನಿಯರಿಂಗ್ ಪಾಸಾದ ದಿನ ಇಡೀ ಬೀದಿಗೆ ಪೇಡ ಹಂಚಿದ್ದೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ ಅಂತ ತಿಳೀದೆ ನಿಮ್ಮಪ್ಪನಿಗೇ ಮೂರು ಸಲ ಹೇಳಿದೆ.

ಚಿಲಕ ಮತ್ತೆ ಹಾಕಿಸಿಲ್ಲ. ಸ್ಕ್ರೂ ಕಿತ್ತ ನಾಲ್ಕು ತೂತು ಹಾಗೇ ಇದೆ. ನಿಮ್ಮಪ್ಪ ಸ್ನಾನಕ್ಕೆ ಹೋದರೂ ಹೊರಗೆ ನಿಂತು ಕಿವಿ ಕೊಡ್ತೀನಿ. ನೀನೀಗ ಬಂದರೆ ಆ ಬಾಗಿಲ ಮುಂದೆಯೇ ಕೂತಿರ್ತೀನಿ, ಗದರ್ತೀನಿ, ಬ್ಯಾಗ್ ಹುಡುಕ್ತೀನಿ. ನನಗೂ ಸುಧಾರಿಸಿಕೊಳ್ಳೋಕೆ ಈ ಮೂರು ತಿಂಗಳು ಬೇಕು. ದುಡ್ಡಿನ ಯೋಚನೆ ನಿನಗೆ ಬೇಡ, ಅಡಿಕೆ ಮಾರಿದ್ದಿದೆ.

ತಿಂಡಿ ಒಳಗೆ ಬಿಡಲ್ಲವಂತೆ, ಕಳಿಸಿಲ್ಲ. ಲಕೋಟೆಯಲ್ಲಿ ಹದಿನಾರು ಗಂಟಿನ ಗೌರಿದಾರ ಇಟ್ಟಿದ್ದೀನಿ. ಹಬ್ಬದ ದಿನ ಆ ಹುಡುಗಿ ಕೈಲೇ ಕಟ್ಟಿಸ್ಕೋ. ಮೊದಲ ಶನಿವಾರ ಮನೆಯವರ ಮೀಟಿಂಗಿಗೆ ರಾತ್ರಿ ಬಸ್ಸಿಗೇ ಹೊರಟು ಬರ್ತೀನಿ. ನೀನು ಮಾತಾಡದಿದ್ದರೂ ಸರಿ, ಪಕ್ಕದಲ್ಲಿ ಕೂತಿರ್ತೀನಿ.

ನಿನ್ನ ಅಮ್ಮ