ಅಟ್ಟದಿಂದ ಟ್ರಂಕು ಇಳಿಸಿ ಕೊಟ್ಟವರಿಗೆ

ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಇತಿಹಾಸದ ಕರಡು ಮುಗಿದಿದೆ. ಅಟ್ಟದ ಟ್ರಂಕು ಇಳಿಸಿ ಕೊಟ್ಟ ಎಲ್ಲ ಮನೆಯವರಿಗೂ ನಮಸ್ಕಾರ. ಸಣ್ಣ ಊರಿನ ಕ್ಲಬ್ಬಿಗೆ ದಾಖಲೆ ಇಡುವ ಕೋಣೆ ಎಲ್ಲಿಯದು? ಲೆಕ್ಕದ ಪುಸ್ತಕ ಕಾರ್ಯದರ್ಶಿಯ ಮನೆಯಲ್ಲೇ ಉಳಿಯುತ್ತದೆ, ಅವರ ಕಾಲಾನಂತರ ಗುಜರಿ ಸೇರುತ್ತದೆ. ಹಾಗಾಗದಂತೆ ಕಾಯ್ದವರು ಹೆಚ್ಚಿನ ಮನೆಗಳಲ್ಲಿ ಆಟಗಾರರ ಹೆಂಡತಿಯರು, ಸೊಸೆಯರು. ಮೈದಾನಕ್ಕೆ ಒಮ್ಮೆಯೂ ಬಾರದ ಈ ತಾಯಂದಿರಿಗೆ ಕ್ಲಬ್ಬು ಎಲ್ಲರಿಗಿಂತ ಹೆಚ್ಚು ಋಣಿ.

ತಾರೀಖಿಲ್ಲದ ಚೀಟಿಗಳ ಕಾಲ ಗೊತ್ತುಮಾಡಲು ಜೊತೆಗೆ ಕೂತ ನಿವೃತ್ತ ಅಂಚೆ ನೌಕರರಿಗೆ ವಿಶೇಷ ವಂದನೆ. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಆ ಕಾಗದ 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ. ವಂತಿಗೆ ರಸೀದಿಯಲ್ಲಿ ನಯಾ ಪೈಸೆ ಎಂದಿದ್ದರೆ 1957ರ ಏಪ್ರಿಲ್ ನಂತರದ್ದು; ‘ನಯಾ’ ಎಂಬ ಮಾತು 1964ರಲ್ಲಿ ಬಿಟ್ಟುಹೋಯಿತು. ಆಣೆ ಲೆಕ್ಕವಿದ್ದರೆ 1957ಕ್ಕೂ ಹಳೆಯದು ಎಂದು ಥಟ್ಟನೆ ಹೇಳಬಾರದು, ಬಾಯಿರೂಢಿ ಬರವಣಿಗೆಯಲ್ಲೂ ಕೆಲ ವರ್ಷ ಉಳಿದಿರುತ್ತದೆ. ಮೊಹರಿನ ‘ಮೈಸೂರು ರಾಜ್ಯ’ವೂ ಹಾಗೆಯೇ. ರಾಜ್ಯದ ಹೆಸರು 1973ರ ನವೆಂಬರ್ 1ರಂದು ಬದಲಾಯಿತು, ರಬ್ಬರ್ ಸ್ಟಾಂಪು ಸವೆಯುವ ತನಕ ಬದಲಾಗಲಿಲ್ಲ.

‘ಸಂತೋಷ್ ಟ್ರೋಫಿ ಗೆದ್ದ ಮೈಸೂರು’ ಎಂಬ ಪತ್ರಿಕೆಯ ತುಣುಕು ಬಹಳ ಕಾಡಿತು. ಇದು ರಾಜ್ಯ ತಂಡಗಳ ನಡುವಿನ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ. ಮೈಸೂರು ಗೆದ್ದದ್ದು 1946–47, 1952–53, 1967–68 ಮತ್ತು 1968–69ರಲ್ಲಿ. ತುಣುಕಿನ ಬೆನ್ನಿನಲ್ಲಿದ್ದ ಜಾಹೀರಾತಿನ ಬೆಲೆ ಪೈಸೆಯಲ್ಲಿದ್ದುದರಿಂದ ಮೊದಲೆರಡು ಕಳಚಿಕೊಂಡವು. ಕತ್ತರಿಸಿದ ತುಣುಕಿನ ಹಿಂಬದಿಯನ್ನು ತಪ್ಪದೆ ಓದಿ!

ಫೋಟೊಗಳಲ್ಲಿ ಚೆಂಡೇ ಸಾಕ್ಷಿ. ಕಪ್ಪು-ಬಿಳಿ ತುಂಡುಗಳನ್ನು ಹೊಲಿದ ಚೆಂಡು ಮನೆಮಾತಾದದ್ದು 1970ರ ಮೆಕ್ಸಿಕೊ ವಿಶ್ವಕಪ್‌ನಿಂದ. ಹಳದಿ, ಕೆಂಪು ಕಾರ್ಡುಗಳು ಬಂದದ್ದೂ ಅಲ್ಲಿಯೇ. ಬರಿಗಾಲು ಕಂಡ ಕೂಡಲೇ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಮೊದಲಿನದೆಂದು ಬರೆಯಬೇಡಿ. ಅಲ್ಲಿ ಭಾರತ ಯುಗೊಸ್ಲಾವಿಯದೆದುರು 10–1ರಿಂದ ಸೋತ ಮೇಲೆ ರಾಷ್ಟ್ರೀಯ ಮಟ್ಟದಲ್ಲಿ ಬೂಟು ಕಡ್ಡಾಯವಾಯಿತು, ಊರ ಹುಡುಗರಿಗೆ ಅದನ್ನು ಕೊಳ್ಳುವ ಶಕ್ತಿ ಎಷ್ಟೋ ತಡವಾಗಿ ಬಂತು.

ಗಾಜಿಗೆ ಅಂಟಿದ ತಂಡದ ಫೋಟೊಗಳನ್ನು ಕೀಳದೆ, ಗಾಜಿನ ಸಮೇತ ಸ್ಕ್ಯಾನ್ ಮಾಡಿದ ಸ್ಟುಡಿಯೊದವರ ತಾಳ್ಮೆ ದೊಡ್ಡದು. ಕಿತ್ತರೆ ಮುಖಗಳ ಪದರವೇ ಗಾಜಿನಲ್ಲಿ ಉಳಿದುಬಿಡುತ್ತದೆ. ಇಂಚಿಗೆ 600 ಚುಕ್ಕೆಯಲ್ಲಿ ಸ್ಕ್ಯಾನ್ ಆಗಿದ್ದರಿಂದ ಹಿಂದಿನ ಸಾಲಿನವರನ್ನೂ ಗುರುತಿಸಲಾಯಿತು. ದೂರದೂರಿನಿಂದ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳುಹಿಸಿದವರಿಗೆ ಎರಡು ಪಟ್ಟು ಥ್ಯಾಂಕ್ಸ್. ಮಾಮೂಲಿ ಫೋಟೊ ಆಗಿ ಬಂದದ್ದು ಕುಗ್ಗಿ, ಹಿಗ್ಗಿಸಿದಾಗ ಮುಖವೆಲ್ಲ ಕಲಸಿಹೋಗುತ್ತದೆ.

ಗೆದ್ದ ಕಪ್ಪುಗಳ ಕಥೆ ಬೇಸರದ್ದು. ಹುಣಸೆಹಣ್ಣು, ಬೂದಿ ಹಾಕಿ ವರ್ಷ ವರ್ಷ ತಿಕ್ಕಿದ್ದರಿಂದ ಬೆಳ್ಳಿ ಲೇಪವೂ ಅಕ್ಷರವೂ ಸವೆದಿವೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಗೀರಿನ ನೆರಳು ಬಿದ್ದು ಹೆಸರು ಮೂಡುತ್ತದೆ. ತೆಳುಕಾಗದ ಹೊದಿಸಿ ಪೆನ್ಸಿಲ್ ಆಡಿಸಿಯೂ ಕೆಲವನ್ನು ಓದಿದ್ದಾಯಿತು. ಈ ಕೆಲಸಕ್ಕೆ ಭಾನುವಾರಗಳನ್ನು ಕೊಟ್ಟ ಹೈಸ್ಕೂಲು ಮಕ್ಕಳಿಗೆ ಪ್ರೀತಿಯ ನಮನ. ಇನ್ನು ಮುಂದೆ ಕಪ್ಪುಗಳಿಗೆ ಒಣ ಹತ್ತಿಬಟ್ಟೆ ಸಾಕು.

ಮೂಲ ಫೋಟೊಗಳೆಲ್ಲ ಪ್ರತಿಯೊಂದಿಗೆ ಮನೆಗಳಿಗೆ ವಾಪಸಾಗುತ್ತಿವೆ. ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಫೋಟೊದ ಹಿಂಬದಿಗೆ ಬಾಲ್‌ಪೆನ್ನಿನಲ್ಲಿ ಬರೆದರೆ ಮುಂಬದಿಯಲ್ಲಿ ಉಬ್ಬುತ್ತದೆ, ಶಾಯಿಯೂ ಇಳಿಯುತ್ತದೆ. ಹೆಸರು ನೆನಪಾದರೆ ನಾವು ಇಟ್ಟಿರುವ ಲಕೋಟೆಯ ಮೇಲೆ, ಫೋಟೊ ಹೊರಗೆ ತೆಗೆದು, ಮೆದು ಪೆನ್ಸಿಲಿನಲ್ಲಿ ಬರೆಯಿರಿ. ಎಡದಿಂದ ಬಲಕ್ಕೆ, ನಿಂತವರು ಮೊದಲು, ಕೂತವರು ಆಮೇಲೆ.